ಖಾಲಿ ಹಾಳೆಯ ಕೆಳಗೆ ಸಹಿ

ನಿನ್ನೆ ಕಂಡದ್ದು ಇನ್ನೂ ತಲೆಯಿಂದ ಹೋಗಿಲ್ಲ. ಬರೆದುಬಿಡುತ್ತೇನೆ.

ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. ಬದುವಿನ ಮೇಲೆ ಯೂನಿಫಾರ್ಮ್ ಹಾಕಿದ ಒಬ್ಬ ಹುಡುಗ, ನಾಲ್ಕನೇ ಕ್ಲಾಸ್ ಇರಬಹುದು, ಎದೆಗೆ ಉದ್ದನೆಯ ಪುಸ್ತಕ ಅವುಚಿಕೊಂಡು ನಿಂತಿದ್ದ. ಅವನ ಅಮ್ಮ ಗದ್ದೆಯಿಂದ ಮೇಲೆ ಬಂದರು. ಕೈಯ ಕೆಸರನ್ನು ಸೆರಗಿಗೆ ಒರೆಸಿಕೊಂಡು, ಮಗ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ನಾನು ಇಣುಕಿ ನೋಡಿದೆ. ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯ ನಡಾವಳಿ ಪುಸ್ತಕ ಅದು. ಮೇಲೆ ತಾರೀಖು, ಕೆಳಗೆ ಏಳೆಂಟು ಸಹಿ, ಒಂದು ಹೆಬ್ಬೆಟ್ಟು. ನಡುವೆ ಒಂದಕ್ಷರ ಇಲ್ಲ. ಸಭೆಯಲ್ಲಿ ಏನು ಮಾತಾಯಿತು ಅಂತ ಕೇಳಿದೆ. "ನಾನೆಲ್ಲಿ ಹೋಗಿದ್ದೆ, ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ರು" ಅಂದರು.

ನನಗೆ ಸಿಟ್ಟು ಬಂದದ್ದು ಆ ಹನ್ನೊಂದು ಗಂಟೆಯ ಮೇಲೆ. ಕೂಲಿಗೆ ಹೋಗುವ ತಾಯಿ ಆ ಹೊತ್ತಿಗೆ ಶಾಲೆಗೆ ಬರಬೇಕೆಂದರೆ ಅವತ್ತಿನ ಕೂಲಿ ಬಿಡಬೇಕು. ಯಾರು ಬಿಡುತ್ತಾರೆ? ಯಾಕೆ ಬಿಡಬೇಕು?

ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಓದುವಾಗ ನಾನೂ ಎಸ್‌ಡಿಎಂಸಿಯಲ್ಲಿದ್ದೆ, ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಆಗ ನಾನೂ ಹೀಗೇ ಸಹಿ ಹಾಕಿದ್ದೇನೆ, ಒಂದೆರಡು ಸಲ ಅಲ್ಲ. ಪುಸ್ತಕ ಮನೆಗೆ ಬರುತ್ತಿತ್ತು, ಹಾಕಿ ಕಳಿಸುತ್ತಿದ್ದೆ. ಕೇಳಿದ್ದರೆ ಮೇಷ್ಟ್ರು ಓದಿ ಹೇಳುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ನಿನ್ನೆ ಆ ಹಾಳೆ ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆದದ್ದು ಅದಕ್ಕೇ.

ಈ ಸಮಿತಿ ಯಾರೋ ದೊಡ್ಡವರು ಕೂತು ಚಹಾ ಕುಡಿದು ಹೋಗಲಿ ಅಂತ ಮಾಡಿದ್ದಲ್ಲ. ಅಣು ವಿಜ್ಞಾನಿ ರಾಜಾ ರಾಮಣ್ಣ ಅವರ ಮುಂದಾಳತ್ವದ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ, 2001ರಲ್ಲಿ ನಮ್ಮ ರಾಜ್ಯ ಹಳೆಯ ಗ್ರಾಮ ಶಿಕ್ಷಣ ಸಮಿತಿ ಬಿಟ್ಟು ಎಸ್‌ಡಿಎಂಸಿ ತಂದದ್ದೇ ಅಪ್ಪ ಅಮ್ಮಂದಿರ ಕೈಗೆ ಶಾಲೆ ಸಿಗಲಿ ಅಂತ. ಆಮೇಲೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇನ್ನೂ ಖಡಕ್ಕಾಗಿ ಹೇಳಿತು: ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ, ಬಂದ ಅನುದಾನ ಎಲ್ಲಿ ಖರ್ಚಾಯಿತು ಅಂತ ನೋಡುವುದು ಅವರ ಕೆಲಸ. ಶಾಲೆಗೆ ಮುಂದೆ ಏನೇನು ಬೇಕು ಅನ್ನುವ ಯೋಜನೆ ತಯಾರು ಮಾಡುವವರೂ ಅವರೇ. ಕಾಯ್ದೆ ಇಷ್ಟೆಲ್ಲಾ ಕೊಟ್ಟ ತಾಯಿ ಗದ್ದೆ ಬದುವಿನಲ್ಲಿ ನಿಂತು ಖಾಲಿ ಹಾಳೆಗೆ ಸಹಿ ಹಾಕುತ್ತಾರೆ. ಲೆಕ್ಕಕ್ಕೆ ಕೋರಂ, ಅಂದರೆ ಸಭೆಗೆ ಬೇಕಾದಷ್ಟು ಹಾಜರಿ, ಭರ್ತಿ.

"ಕರೆದರೂ ಬರಲ್ಲ ಕಣ್ರೀ, ಈ ಜನಕ್ಕೆ ಆಸಕ್ತಿಯೇ ಇಲ್ಲ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಹೆಡ್ ಮಾಸ್ಟರ್‌ಗಳ ಕಷ್ಟ ನನಗೆ ಗೊತ್ತು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಪಾಠ, ಎಲ್ಲಾ ಒಬ್ಬರ ತಲೆ ಮೇಲೆ. ಆದರೆ ಆಸಕ್ತಿ ಇಲ್ಲ ಅನ್ನುವುದನ್ನು ನಾನು ಒಪ್ಪಲ್ಲ. ಶಾಲಾ ವಾರ್ಷಿಕೋತ್ಸವ ರಾತ್ರಿ ಇಟ್ಟಾಗ ಇದೇ ಜನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತು ಗಂಟೆವರೆಗೆ ನಿಂತೇ ನೋಡುತ್ತಾರೆ, ಅಲ್ವಾ? ಕೆಲಸ ಮುಗಿದ ಹೊತ್ತಿಗೆ ಇಟ್ಟರು, ಬಂದರು. ಸಭೆಗೂ ಅಷ್ಟೇ ಸಾಕು. ಮನೆಗೆ ಚೀಟಿ ಕಳಿಸಿದರೆ ಓದಲು ಬಾರದವರಿಗೆ ಅದು ತಲುಪುವುದಿಲ್ಲ. ಕೇರಿಗೆ ಹೋಗಿ ಹೇಳಬೇಕು. ಕಟ್ಟೆ ಮೇಲೆ ಸಭೆ ಮಾಡಿದರೂ ಸರಿ, ಗೋಡೆ ಇರುವ ಕೋಣೆಯೇ ಆಗಬೇಕಾ? ಹೋದ ಸಲ ಹೇಳಿದ್ದು ಆಯಿತಾ ಇಲ್ಲವಾ ಅಂತ ಮೊದಲು ಹೇಳಿದರೆ ಜನ ಮತ್ತೆ ಬರುತ್ತಾರೆ. ಹೇಳಿದ್ದು ಗಾಳಿಗೆ ಹೋದರೆ ಯಾರು ಬರುತ್ತಾರೆ?

ಇನ್ನೊಂದು ಮಾತು ಹೇಳಬೇಕು. ಸಹಿ ಹಾಕಿದ ಮೇಲೆ ಆ ತಾಯಿ ಸುಮ್ನೆ ನಿಂತಿದ್ದರು. ಆಮೇಲೆ ತಾವಾಗಿಯೇ ಹೇಳಿದರು. ಅವರ ದೊಡ್ಡ ಮಗಳು ಅದೇ ಶಾಲೆಯಲ್ಲಿ ಏಳನೇ ಕ್ಲಾಸ್. ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯಲ್ಲವಂತೆ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. "ಇದನ್ನ ಯಾರಿಗೆ ಹೇಳೋದು?" ಅಂತ ನನ್ನನ್ನು ಕೇಳಿದರು. ಸಮಿತಿಯ ಸದಸ್ಯೆ ಅವರು. ಕೈಯಲ್ಲಿ ಇನ್ನೂ ಪೆನ್ನಿತ್ತು.

ಇವತ್ತು ಬೆಳಿಗ್ಗೆ ಶಾಲೆಗೆ ಹೋಗಿ, ಮುಂದಿನ ಸಭೆ ಸಂಜೆ ಆರೂವರೆಗೆ ಇಡಿ ಅಂತ ಬರೆದು ಕೊಟ್ಟು ಬಂದೆ. ಚಿಲಕದ ವಿಷಯವನ್ನು ನಾನು ಬರೆಯಲಿಲ್ಲ. ಅದನ್ನು ಆಕೆಯೇ ಹೇಳುತ್ತಾರೆ, ನಾನು ಜೊತೆಗೆ ಹೋಗುತ್ತೇನೆ.