ಜೋರಾಗಿ ಊದಿದ್ರ ಅಷ್ಟೇ ಊದಿದಂಗೇನು?

ನಿನ್ನೆ ರಾತ್ರಿ ಸೇಡಂ ರೋಡಿನ ಒಂದು ಫಂಕ್ಷನ್ ಹಾಲಿನಾಗ ನಮ್ಮ ಬೀಗರ ಕಡಿ ರಿಸೆಪ್ಷನ್ ಇತ್ತು. ಹೋಳಿಗಿ ಛಲೋ ಇದ್ವು, ಅದ್ರಾಗ ಎರಡು ಮಾತಿಲ್ಲ. ತಲಿ ಕೆಟ್ಟದ್ದು ಸ್ಟೇಜಿನ ಬಲ್ಲಿ. ಹೈದ್ರಾಬಾದ್‌ಲಿಂದ ಆರ್ಕೆಸ್ಟ್ರಾ ಕರಿಸಿದ್ರು. ಕೀಬೋರ್ಡ್, ಪ್ಯಾಡ್, ಹಾಡೋರು ಇಬ್ಬರು, ಮೂಲ್ಯಾಗ ಒಬ್ಬರು ವಯಸ್ಸಾದ ಟ್ರಂಪೆಟ್ ಉಸ್ತಾದರು. ಒಂದು ಹಳೇ ಹಿಂದಿ ಹಾಡು ಶುರು ಆಗೋ ಮುಂದ ಅವ್ರು ಟ್ರಂಪೆಟ್ ಬಾಜೂಕಿಟ್ಟು ಚೀಲದಾಗಿಂದ ಬ್ಯಾರೇ ಒಂದು ವಾದ್ಯ ತೆಗದ್ರು. ಮೈ ಗುಜ್ಜ, ಬಾಯಿ ಅಗಲ. ಫ್ಲೂಗಲ್‌ಹಾರ್ನ್! ಕಲಬುರಗಿ ಮದುವ್ಯಾಗ ಫ್ಲೂಗಲ್‌ಹಾರ್ನ್! ನಾ ಐಸ್‌ಕ್ರೀಮ್ ಅಲ್ಲೇ ಬಿಟ್ಟು ಎದ್ದು ನಿಂತೆ.

ನಾಕು ಸಾಲು ಊದಿರಬೇಕು. ಸೌಂಡ್ ಸಿಸ್ಟಮ್ ಹುಡುಗ ಓಡಿ ಬಂದ. "ಚಾಚಾ, ಆವಾಜ್ ನೈ ಆರಾ, ಜೋರ್ ಸೆ ಬಜಾವ್!" ಅಂದ. ಅಂದವನೇ ಮಿಕ್ಸರ್‌ನಾಗ ಟ್ರೆಬಲ್, ಅಂದ್ರ ಚೂಪು ದನಿ, ಏರಿಸಿ, ಮ್ಯಾಲಿಂದ ಎಕೋ ಸುರುವಿದ. ನನ್ನ ಬಾಜೂದಾಗ ಕೂತಿದ್ದ ಒಬ್ಬ ದೊಡ್ಡ ಮನುಷ್ಯರು, "ಟ್ರಂಪೆಟ್ ಕೆಟ್ಟಂಗದ ನೋಡ್ರಿ, ಒಳ್ಳೇದು ತರಬೇಕಿತ್ತು" ಅಂತ ತೀರ್ಪು ಕೊಟ್ರು. ಉಸ್ತಾದರು ಏನೂ ಅನ್ನಲಿಲ್ಲ. ಹಾಡಿನ ನಡುವೇ ಅದನ್ನ ಚೀಲಕ್ಕ ಹಾಕಿ ಟ್ರಂಪೆಟ್ ಎತ್ತಿ ಒಂದು ಸಲ ಕಿರುಚಿಸಿದ್ರು ನೋಡ್ರಿ, ಇಡೀ ಹಾಲ್ ಚಪ್ಪಾಳಿ. ನಾ ಜಗಳಕ್ಕ ಹೊಂಟಿದ್ದೆ. ನಮ್ಮಾಕಿ ಅಂಗಿ ಜಗ್ಗಿ, "ಬೀಗರ ಮುಂದ ಮಾನ ಕಳಿಬ್ಯಾಡ್ರಿ" ಅಂತ ಕೂಡಿಸಿದಳು. ಅದಕ್ಕ ಇಲ್ಲಿ ಬರಿಲಿಕ್ಕತ್ತೀನಿ. ಇಲ್ಲಿ ಅಂಗಿ ಜಗ್ಗೋರು ಯಾರೂ ಇಲ್ಲ.

ಅಲ್ರಿ, ಮೆಲ್ಲಗ ಊದಿದ್ರ ಕೆಟ್ಟದ್ದು ಅಂತ ಇವರಿಗಿ ಯಾರು ಹೇಳಿಕೊಟ್ರು? ಫ್ಲೂಗಲ್‌ಹಾರ್ನ್ ಅಂದ್ರ ಶಕ್ತಿ ಕಮ್ಮಿ ಇರೋ ಟ್ರಂಪೆಟ್ ಅಲ್ಲ. ಶ್ರುತಿ ಎರಡಕ್ಕೂ ಅದೇ ಬಿ ಫ್ಲಾಟ್, ಕೊಳವಿ ಉದ್ದ ಹೆಚ್ಚುಕಮ್ಮಿ ಅಷ್ಟೇ, ಮೂರು ವಾಲ್ವ್, ಬೆರಳಿಡೋದೂ ಅದೇ ಥರ. ಫರಕ್ ಇರೋದು ಒಳಗಿನ ಆಕಾರದಾಗ. ಟ್ರಂಪೆಟ್ಟಿನ ಕೊಳವಿ ಭಾಳ ದೂರ ಒಂದೇ ಅಗಲ ಹೋಗಿ ಬಾಯಿ ಕಡಿ ಬಂದಾಗ ಅರಳ್ತದ. ಫ್ಲೂಗಲ್‌ಹಾರ್ನ್ ಹಂಗಲ್ಲ, ನಡುವಿನ ವಾಲ್ವಿನ ಜಾಗ ಬಿಟ್ರ ಮೊದಲಿಂದ ಕಡೀತನ ಅಗಲ ಆಗ್ಕೋತ ಹೋಗ್ತದ. ಅದಕ್ಕೇ ಟ್ರಂಪೆಟ್ಟಿನಂಗ ನಡುವಿನ ಸ್ಲೈಡ್ ಎಳದು ಶ್ರುತಿ ಕೂಡಸ್ಲಿಕ್ಕೆ ಬರಂಗಿಲ್ಲ, ಮೌತ್‌ಪೀಸ್ ಸಿಗಿಸೋ ಪೈಪನ್ನೇ ಹಿಂದಮುಂದ ಸರಸಬೇಕು. ಮೌತ್‌ಪೀಸಿನ ಒಳಗೂ ಆಳ, ಲಾಳಿಕಿ ಆಕಾರ. ಇಷ್ಟಾದ ಮ್ಯಾಲ ಧ್ವನಿ ಬ್ಯಾರೇ ಆಗದೇ ಇರ್ತದೇನು? ಮೇ ತಿಂಗಳ ಮಧ್ಯಾಹ್ನ ಸುಪರ್ ಮಾರ್ಕೆಟ್‌ಲಿಂದ ನಡ್ಕೋತ ಬಂದು, ಚಪ್ಪಲಿ ಬಿಟ್ಟು, ಶಹಾಬಾದ್ ಕಲ್ಲಿನ ಪಡಸಾಲ್ಯಾಗ ಬರಿಗಾಲು ಇಟ್ರ ಅಂಗಾಲಿಗಿ ಏನಾಗ್ತದ, ಆ ಧ್ವನಿ ಕಿವಿಗಿ ಅದನ್ನೇ ಮಾಡ್ತದ. ಅದಕ್ಕ ಟ್ರೆಬಲ್ ಏರಸ್ತಾನಂತ!

ನಮ್ಮಪ್ಪ ಬ್ಯಾಂಡಿನಾಗ ಯುಫೋನಿಯಂ ಅನ್ನೋ ದೊಡ್ಡ ಹಿತ್ತಾಳಿ ವಾದ್ಯ ಊದ್ತಿದ್ದ ಅನ್ನೋದು ಹಳೇ ಗೆಳೆಯರಿಗಿ ಗೊತ್ತೇ ಅದ. ಅದೂ ಇದೇ ಜಾತಿ, ಒಳಗ ಅಗಲ ಆಗ್ಕೋತ ಹೋಗೋದು. ಮೆರವಣಿಗ್ಯಾಗ ಟ್ರಂಪೆಟ್‌ನವನ ಅಂಗಿಗಿ ಹತ್ತರ ನೋಟು ಚುಚ್ಚೋರು, ಕ್ಲಾರಿನೆಟ್‌ನವನಿಗೂ ಚುಚ್ಚೋರು. ಇಡೀ ಹಾಡಿನ ಭಾರ ಹೊತ್ತು ಹಿಂದ ನಡಿಯೋ ಯುಫೋನಿಯಂದವನ ಮಾರಿ ಭೀ ಯಾರೂ ನೋಡ್ತಿದ್ದಿಲ್ಲ. ಡಿಜೆ ಬಂದ ಮ್ಯಾಲ ಬ್ಯಾಂಡ್ ಮುಚ್ಚಿತು. ಆ ಯುಫೋನಿಯಂ ಮಾರಿ ನನ್ನ ಡಿಪ್ಲೊಮಾ ಫೀ ಕಟ್ಟಿದ. ಇರ್ಲಿ, ಆ ಸುದ್ದಿ ಬ್ಯಾಡ.

ಈಗ ಕೆಲವರು ಕಾಮೆಂಟಿನಾಗ ಬರ್ತೀರಿ ಅಂತ ಗೊತ್ತದ. "ಅಣ್ಣಾ, ಫ್ಲೂಗಲ್‌ಹಾರ್ನ್ ಅಂದ್ರ ಟ್ರಂಪೆಟ್‌ನವ್ರು ನಿಧಾನ ಹಾಡಿಗಿ ಎತ್ತೋ ಎರಡನೇ ವಾದ್ಯ, ಅದಕ್ಕಂತ ಯಾರೂ ಹುಟ್ಟಿಲ್ಲ" ಅಂತೀರಿ. ಒಪ್ಕೊಂಡೆ. ಬಹಳ ಮಂದಿ ಎರಡೂ ಊದ್ಯಾರ. 1936ರಾಗ ಅಮೆರಿಕದ ವುಡಿ ಹರ್ಮನ್ ಬ್ಯಾಂಡಿನಾಗ ಜೋ ಬಿಷಪ್ ಇದನ್ನ ಊದಿದಾಗಿಂದ ಜಾಜ್‌ನಾಗ (ಅಮೆರಿಕದ ಕಪ್ಪು ಮಂದಿ ಹುಟ್ಟಿಸಿದ ಸಂಗೀತ) ಇದು ಬಾಜೂದ ಖುರ್ಚಿ ಮ್ಯಾಲೇ ಕೂತದ. ಆದ್ರ ಮೂಲ್ಯಾಗ ಕೂಡಿಸಿದವರ ತಪ್ಪಿಗಿ ಕೂತ ವಾದ್ಯಾನ್ನ ಬೈತೀರೇನ್ರಿ? ಆರ್ಟ್ ಫಾರ್ಮರ್ ಹೆಸರು ಕೇಳೀರಾ? 1928ರಾಗ ಅಯೋವಾದಾಗ ಹುಟ್ಟಿದ ಮನುಷ್ಯ. ಟ್ರಂಪೆಟ್‌ನಾಗ ಹೆಸರು ಮಾಡಿ, ಬೆನ್ನಿ ಗೋಲ್ಸನ್ ಜೋಡಿ ಜಾಜ್‌ಟೆಟ್ ಅಂತ ಬ್ಯಾಂಡ್ ಕಟ್ಟಿ, 60ರ ದಶಕದ ಶುರುವಿನಾಗ ಫ್ಲೂಗಲ್‌ಹಾರ್ನನ್ನೇ ತನ್ನ ಮುಖ್ಯ ವಾದ್ಯ ಮಾಡ್ಕೊಂಡ. ಗಿಟಾರಿನ ಜಿಮ್ ಹಾಲ್ ಜೋಡಿ ಈತ ಊದಿದ್ದು ಕೇಳ್ರಿ. ಪಿಯಾನೋನೇ ಇಲ್ಲ. ಇಬ್ಬರೂ ದನಿ ಏರಿಸಂಗಿಲ್ಲ, ಒಬ್ಬನ ಮಾತಿನ ಮ್ಯಾಲ ಇನ್ನೊಬ್ಬ ಬೀಳಂಗಿಲ್ಲ. 1964ರಾಗ ಸ್ಟಾಕ್‌ಹೋಮಿಗಿ ಹೋಗಿ ಸ್ವೀಡನ್ನಿನ ಜಾನಪದ ಹಾಡು ತೊಗೊಂಡು ಒಂದು ಇಡೀ ಆಲ್ಬಮ್ ಮಾಡ್ಯಾರ. ಒಂದು ಸ್ವರ ಭೀ ಹೆಚ್ಚಿಗಿ ಇಲ್ಲ ಅದ್ರಾಗ. ನಮ್ಮ ಸೌಂಡ್ ಹುಡುಗ ಅಲ್ಲಿದ್ದಿದ್ರ ಫಾರ್ಮರ್‌ಗೂ ಹೇಳ್ತಿದ್ದ, ಚಾಚಾ ಜೋರ್ ಸೆ.

ಖರೇ ಹೇಳ್ಬೇಕಂದ್ರ ಫಾರ್ಮರ್ ಮ್ಯಾಲ ನನಗೊಂದು ಸಿಟ್ಟದ. ಮುಂದ ವಯಸ್ಸಾದ ಮ್ಯಾಲ ಡೇವಿಡ್ ಮೋನೆಟ್ ಅನ್ನೋ ಕುಶಲಕರ್ಮಿ ಮಾಡಿಕೊಟ್ಟ ಫ್ಲಂಪೆಟ್ ಅನ್ನೋ ವಾದ್ಯಾ ಹಿಡದ. ಅರ್ಧ ಟ್ರಂಪೆಟ್, ಅರ್ಧ ಫ್ಲೂಗಲ್‌ಹಾರ್ನ್. ಧ್ವನಿ ಖರೇನೇ ಛಂದ ಅದ. ಅಂದ್ರೂ ನೀವೂ ರಾಜಿ ಆದ್ರೇನ್ರಿ ಸಾಹೇಬ್ರ?

ಇನ್ನ ಕ್ಲಾರ್ಕ್ ಟೆರಿ. ಈ ವಾದ್ಯಾನ್ನ ಜಾಜ್‌ನಾಗ ಮನಿಮಾತು ಮಾಡಿದಾತ ಅಂದ್ರ ಇವನೇ. ಸೇಂಟ್ ಲೂಯಿಸ್‌ನಾಗ 1920ರಾಗ ಹುಟ್ಟಿ, ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್ ಇಬ್ಬರ ಬ್ಯಾಂಡಿನಾಗೂ ಪಳಗಿ, 2015ರಾಗ ತೀರಿಕೊಂಡ. ಫ್ಲೂಗಲ್‌ಹಾರ್ನ್ ಅಂದ್ರ ಬರೇ ಅಳೋ ಹಾಡಿಗಿ ಅನ್ನೋರು ಟೆರಿಯನ್ನ ಕೇಳಿಲ್ಲ. ಈತ ಊದಿದ್ರ ನಗು ಬರ್ತದ. ಒಂದು ಕೈಯಾಗ ಟ್ರಂಪೆಟ್, ಇನ್ನೊಂದು ಕೈಯಾಗ ಫ್ಲೂಗಲ್‌ಹಾರ್ನ್ ಹಿಡಕೊಂಡು ತನ್ನ ಜೋಡಿ ತಾನೇ ಸವಾಲ್-ಜವಾಬ್ ಮಾಡ್ತಿದ್ದ. 1958ರ ‘ಇನ್ ಆರ್ಬಿಟ್’ ಆಲ್ಬಮ್ಮಿನಾಗ ಪಿಯಾನೋಕ್ಕ ಯಾರು ಕೂತಾರ ಹೇಳ್ರಿ? ಥೆಲೋನಿಯಸ್ ಮಂಕ್! ತಾನೇ ಯಜಮಾನ ಆಗಿ ಕೂಡೋ ಮನುಷ್ಯ, ಇಲ್ಲಿ ಟೆರಿಗಿ ಸಾಥ್ ಕೊಟ್ಟಾನ. ಮಂಕ್ ಅಲ್ಲಲ್ಲಿ ಮುಳ್ಳು ಇಟ್ಕೋತ ಹೋಗ್ತಾನ, ಟೆರಿ ಒಂದನ್ನೂ ತುಳೀಲಾರದಂಗ ನಗ್ಕೋತ ದಾಟ್ತಾನ. ಹಂಗಂತ ಮೆತ್ತಗಿನ ಮನುಷ್ಯ ಅಲ್ಲ. ಅಮೆರಿಕದ ಎನ್‌ಬಿಸಿ ಟಿವಿಯ ಖಾಯಂ ವಾದ್ಯಗಾರರ ಸಾಲಿನಾಗ ಕೂತ ಮೊದಲ್ನೇ ಕಪ್ಪು ಮನುಷ್ಯ ಈತ. ಮೆತ್ತಗ ಊದೋರು ಮೆತ್ತಗ ಇರ್ತಾರ ಅಂತ ತಿಳಿಬ್ಯಾಡ್ರಿ.

ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ಹೆಸರು ಹೇಳದಿದ್ರ ನೀವು ಬಿಡಂಗಿಲ್ಲ. 1957ರ ‘ಮೈಲ್ಸ್ ಅಹೆಡ್’, ಬ್ಯಾಂಡಿಗಿ ಸಂಗೀತ ಬರದುಕೊಡೋ ಗಿಲ್ ಇವಾನ್ಸ್ ಜೋಡಿ ಮಾಡಿದ್ದು, ಅದ್ರಾಗ ಮೈಲ್ಸ್ ಮುಟ್ಟಿದ್ದು ಫ್ಲೂಗಲ್‌ಹಾರ್ನ್ ಮಾತ್ರ. ಹಿಂದ ಅಷ್ಟು ದೊಡ್ಡ ಬ್ಯಾಂಡ್, ಮುಂದ ಒಂದೇ ಒಂದು ಮೆಲು ದನಿ. ಕೇಳಸ್ತದ, ಒಂದೊಂದು ಉಸಿರೂ ಕೇಳಸ್ತದ. ಯಾಕಂದ್ರ ಇವಾನ್ಸ್ ಆ ದನಿಗಿ ಜಾಗ ಬಿಟ್ಟು ಬರದಾನ. ನೋಡ್ರಿ, ಪ್ರಶ್ನೆ ಎಷ್ಟು ಜೋರ್ ಅನ್ನೋದಲ್ಲ, ಉಳಿದವ್ರು ಎಷ್ಟು ಸುಮ್ನಿರ್ತಾರ ಅನ್ನೋದು. ನಿನ್ನೆ ಆ ಕೀಬೋರ್ಡ್‌ನವ ಎರಡು ನಿಮಿಷ ಕೈ ಬಿಗಿ ಹಿಡದಿದ್ರ ಸಾಕಿತ್ತು.

ನನ್ನ ಮಟ್ಟಿಗಿ ಎಲ್ಲರ ಮ್ಯಾಲ ಕೆನ್ನಿ ವೀಲರ್. ಇದಕ್ಕ ಚರ್ಚೆ ಇಲ್ಲ, ನನ್ನ ವಾಲ್, ನನ್ನ ತೀರ್ಪು. ಟೊರೊಂಟೋದಾಗ 1930ರಾಗ ಹುಟ್ಟಿ, 1952ರಾಗ ಲಂಡನ್ನಿಗಿ ಹೋಗಿ ಅಲ್ಲೇ ಉಳಿದ. ಸಂಕೋಚದ ಮನುಷ್ಯ, ತನ್ನ ಬಗ್ಗೆ ತಾನೇ ಒಂದು ಮಾತು ಹೊಗಳಿಕೊಳ್ಳದಾತ. 1975ರಾಗ ರೆಕಾರ್ಡ್ ಮಾಡಿದ ‘ನ್ಯೂ ಹೈ’ ಕೇಳ್ರಿ. ಪಿಯಾನೋ ಕೀತ್ ಜ್ಯಾರೆಟ್, ಬಾಸ್ ಡೇವ್ ಹಾಲೆಂಡ್, ಡ್ರಮ್ಸ್ ಜ್ಯಾಕ್ ಡಿಜಾನೆಟ್. ಮೊದಲ್ನೇ ಟ್ರ್ಯಾಕೇ ಇಪ್ಪತ್ತು ನಿಮಿಷದ ಮ್ಯಾಲ. ಫ್ಲೂಗಲ್‌ಹಾರ್ನಿನಾಗ ಮ್ಯಾಲಿನ ಸ್ವರ ಹಿಡಿಯೋದು ಕಠಿಣ, ಶ್ರುತಿ ಜಾರ್ತದ, ಅದಕ್ಕೇ ಶಾಣ್ಯಾ ಮಂದಿ ನಡುವಿನ ಸ್ಥಾಯಿಯೊಳಗೇ ಸುಳಿದಾಡ್ತಾರ. ವೀಲರ್ ಮಾತ್ರ ಕೆಳಗಿಂದ ಒಮ್ಮೆಲೇ ಮ್ಯಾಲಕ್ಕ ಜಿಗೀತಾನ, ನಡುವಿನ ಮೆಟ್ಟಲೆಲ್ಲ ಬಿಟ್ಟು. ತುದಿ ಮುಟ್ಟಿದಾಗ ಸ್ವರ ಚೂರು ಒಡೀತದ. ಆ ಒಡೆಯೋದನ್ನ ಆತ ಮುಚ್ಚಂಗಿಲ್ಲ. ಟ್ರಂಪೆಟ್‌ನಾಗ ಅದೇ ಜಿಗಿತ ಜಿಗದ್ರ ಮಂದಿ ಸೀಟಿ ಹೊಡಿತಾರ, ಇದ್ರಾಗ ಯಾರಿಗೂ ಸೀಟಿ ಹೊಡೆಯೋ ಮನಸ್ಸಾಗಂಗಿಲ್ಲ. ಮುಂದ 90ರ ದಶಕದಾಗ ‘ಏಂಜೆಲ್ ಸಾಂಗ್’ ಅಂತ ಡ್ರಮ್ಸೇ ಇಲ್ಲದ ಆಲ್ಬಮ್ ಮಾಡ್ಯಾನ. ಡ್ರಮ್ಸ್ ಇಲ್ಲ! ಡಿಜೆ ಮಾಲಕರೇ, ಓದಲಿಕ್ಕತ್ತೀರೇನು? ರಾತ್ರಿ ಮಾಳಗಿ ಮ್ಯಾಲ ಹಾಸಿಕೊಂಡು ಮಲಗೋ ದಿನಾ ಅದನ್ನ ಹಚ್ಚಿಕೊಂಡು ಕೇಳ್ತೀನಿ. ನಿದ್ದಿ ಬರಂಗಿಲ್ಲ, ಬ್ಯಾಡ ಅನಸ್ತದ.

ಇಷ್ಟೆಲ್ಲಾ ವೀಲರ್ ಅಂತ ಹಾರಾಡಿದ ನಾ ನನ್ನ ಫೋನಿನಾಗ ಎಲ್ಲಕ್ಕಿಂತ ಹೆಚ್ಚು ಓಡ್ಸೋದು ಯಾರನ್ನ ಗೊತ್ತೇನು? ಚಕ್ ಮ್ಯಾಂಜಿಯೋನಿ. ತಲಿ ಮ್ಯಾಲ ಟೊಪ್ಪಿಗಿ, ಎದಿಗಿ ಅವಚಿ ಹಿಡಿದ ಫ್ಲೂಗಲ್‌ಹಾರ್ನ್, ಮಾರಿ ತುಂಬ ನಗು. ಪಂಡಿತರು ‘ಲಿಫ್ಟಿನಾಗ ಹಚ್ಚೋ ಸಂಗೀತ’ ಅಂತ ಮೂಗು ಮುರಿತಾರ. ಹಚ್ಚಲಿ ಬಿಡ್ರಿ, ನಮ್ಮೂರಿನ ಲಿಫ್ಟಿನಾಗ ಇನ್ನೂ ಸತ್ತ ಕೀಬೋರ್ಡ್ ಹಚ್ಚ್ಯಾರ. ಹಾಡೋ ಮಾತಿಲ್ಲದ, ಬರೇ ವಾದ್ಯದ ಈತನ ಒಂದು ಟ್ಯೂನ್ 1978ರಾಗ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯೊಳಗ ನಾಕನೇ ಸ್ಥಾನಕ್ಕ ಹೋಯ್ತು. ಅದೂ ಡಿಸ್ಕೋ ಕಾಲದಾಗ! ಅದಕ್ಕಿಂತ ಮೊದಲ ಈ ಮನುಷ್ಯ ಡ್ರಮ್ಸಿನ ಆರ್ಟ್ ಬ್ಲೇಕಿಯ ಬ್ಯಾಂಡು ಜಾಜ್ ಮೆಸೆಂಜರ್ಸ್‌ನಾಗ ಊದಿದಾತ, ಯಾರದೋ ಕೃಪಾದಾಗ ಬಂದವ ಅಲ್ಲ. 2025ರ ಜುಲೈನಾಗ ತೀರಿಕೊಂಡಾಗ ನಾ ಸ್ಟೇಟಸ್ ಹಾಕಿದ್ದೆ. ಮೂರು ಮಂದಿ "ಯಾರ್ ಇವ್ರು, ನಿಮ್ಮ ಸಂಬಂಧಿಕರಾ?" ಅಂತ ಕೇಳಿದ್ರು. ಹೌದು ಅಂದೆ.

ಹ್ಯೂ ಮಸೆಕೆಲಾನ್ನ ಬಿಟ್ರ ಯಾದಗಿರಿ ಗೆಳೆಯರು ನನ್ನ ಸುಮ್ನೆ ಬಿಡಂಗಿಲ್ಲ, ಯಾಕಂದ್ರ ಅವರಿಗಿ ಹುಚ್ಚು ಹಿಡಿಸಿದವ ನಾನೇ. ದಕ್ಷಿಣ ಆಫ್ರಿಕಾದವ. 1960ರಾಗ ದೇಶ ಬಿಟ್ಟು ಮೂವತ್ತು ವರ್ಷ ಪರದೇಶದಾಗ ಇದ್ದ. ಟ್ರಂಪೆಟ್‌ಲಿಂದ ಶುರು ಮಾಡಿ ಫ್ಲೂಗಲ್‌ಹಾರ್ನಿಗಿ ಬಂದ. ‘ಸ್ಟಿಮೆಲಾ’ ಅಂತ ಆತನ ಒಂದು ಹಾಡದ. ಸುತ್ತಲಿನ ದೇಶದ ಕೂಲಿ ಮಂದಿಯನ್ನ ಜೊಹಾನ್ಸ್‌ಬರ್ಗ್ ಗಣಿಗಿ ಹೊತ್ತೊಯ್ಯೋ ರೈಲಿನ ಹಾಡು. ರೈಲಿನ ಸೀಟಿ, ಉಗಿ ಎಲ್ಲಾ ಬಾಯಿಲೇ ಮಾಡ್ತಾನ, ಬೈತಾನ, ಒದರ್ತಾನ. ಆಮ್ಯಾಲ ಹಾರ್ನ್ ಎತ್ತಿದಾಗ ಅದೇ ಸಿಟ್ಟು ಇಳದು ಬ್ಯಾರೇ ಏನೋ ಆಗ್ತದ. ಯಾದಗಿರಿ, ವಾಡಿ, ಕಲಬುರಗಿ ಪ್ಲಾಟ್‌ಫಾರ್ಮಿನ ಮ್ಯಾಲ ಗಂಟು-ಗದಡಿ, ಕೂಸು ಕಟ್ಕೊಂಡು ಮುಂಬೈ ಗಾಡಿಗಿ ಕಾಯೋ ನಮ್ಮ ಗುಳೇ ಮಂದಿಯನ್ನ ನೋಡಿದವರಿಗಿ ಈ ಹಾಡಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ‘ಇದು ಪೂರಾ ಜಾಜ್ ಅಲ್ಲ’ ಅನ್ನೋರು ತಮ್ಮ ಅಳತೆಪಟ್ಟಿ ತಮ್ಮ ಬಲ್ಲೇ ಇಟ್ಕೋಬೇಕು.

ಫ್ರೆಡ್ಡಿ ಹಬ್ಬರ್ಡ್, ಥ್ಯಾಡ್ ಜೋನ್ಸ್, ಟಾಮ್ ಹ್ಯಾರೆಲ್, ರಾಯ್ ಹಾರ್‌ಗ್ರೋವ್ ಬಗ್ಗೆ ಯಾಕ ಬರೀಲಿಲ್ಲ ಅಂದ್ರ, ನಾಳೆ ಮುಂಜಾನಿ ನನಗ ಡ್ಯೂಟಿ ಅದ.

ಇಷ್ಟು ಓದಿದ ಮ್ಯಾಲ ಭೀ "ಆದ್ರೂ ಮದುವಿ ಅಂದ ಮ್ಯಾಲ ಸೌಂಡ್ ಬೇಕಲ್ರಿ" ಅನ್ನೋರಿಗಿ ಒಂದು ಮಾತು. ಬೇಕು, ನಾ ಬ್ಯಾಡ ಅಂದಿಲ್ಲ. ಹಲಗಿ ಹೊಡಸ್ರಿ, ಡಿಜೆ ಹಚ್ಚ್ರಿ, ಟ್ರಂಪೆಟ್‌ನವ್ರಿಗಿ ಐದನೂರರ ನೋಟು ಚುಚ್ಚ್ರಿ. ಆದ್ರ ಇನ್ನೂರು ಕಿಲೋಮೀಟರ್ ದೂರದಿಂದ ಒಬ್ಬ ಉಸ್ತಾದರು ಯಾರೂ ಕೇಳದೇ ಇದ್ರೂ ಆ ವಾದ್ಯಾ ಹೊತ್ತು ತಂದಾರಂದ್ರ, ನಾಕು ಸಾಲಿನ ಮ್ಯಾಲ ಐದನೇ ಸಾಲಿಗೂ ಕಾಯೋ ಪುರಸೊತ್ತು ಇಟ್ಕೊಳ್ರಿ. ಆ ಸೌಂಡ್ ಹುಡುಗನ ಗುರುತು ಇದ್ದವ್ರು ಈ ಪೋಸ್ಟಿಗಿ ಅವನನ್ನ ಟ್ಯಾಗ್ ಮಾಡಬ್ಯಾಡ್ರಿ, ಹುಡುಗನ ತಪ್ಪಿಲ್ಲ, ಅವಗ ಹಂಗೇ ಕಲಿಸ್ಯಾರ. ಆ ದೊಡ್ಡ ಮನುಷ್ಯರನ್ನ ಮಾತ್ರ ಅಗತ್ಯ ಟ್ಯಾಗ್ ಮಾಡ್ರಿ. ಮತ್ತ ವೀಲರ್‌ನನ್ನ ಮೊಬೈಲ್ ಸ್ಪೀಕರಿನಾಗ ಕೇಳಿ "ಏನೂ ಇಲ್ಲ ಅದ್ರಾಗ" ಅಂತ ಕಾಮೆಂಟ್ ಹಾಕಿದವ್ರು ಬ್ಲಾಕ್. ಹೆಡ್‌ಫೋನ್ ಇಲ್ಲದವ್ರು ಐತವಾರ ನಮ್ಮ ಮನಿಗಿ ಬರ್ರಿ, ಚಹಾ ನಂದು.