ಇದು ಬಟ್ಟೆಗೆ ಮಾಡಿದ್ದು

ಆಷಾಢದ ಮಳೆಯಲ್ಲೇ ನಮ್ಮ ವಾಷಿಂಗ್ ಮೆಷಿನ್ ಕೈಕೊಟ್ಟಿತು. ಹಿಂಡಿದ ಬಟ್ಟೆಗಳು ಬಚ್ಚಲ ಒಲೆಯ ಮೇಲೆ ನೇತಾಡುತ್ತಾ ಹೊಗೆ ಕುಡಿಯತೊಡಗಿದವು. ನಾಲ್ಕು ಸಲ ಫೋನು ಮಾಡಿದ ಮೇಲೆ ಶಿವಮೊಗ್ಗದಿಂದ ಒಬ್ಬ ಹುಡುಗ ತೀರ್ಥಹಳ್ಳಿ ದಾಟಿ ನಮ್ಮ ಮನೆಗೆ ಬಂದ. ಬಿಚ್ಚಿದ. ನೀರು ಹೋಗುವ ಪೈಪಿನಿಂದ ಒಂದು ಹಿಡಿ ಅಕ್ಕಿ ತೆಗೆದು, ಕೊಲೆಗೆ ಸಾಕ್ಷಿ ಸಿಕ್ಕಿದವನ ಹಾಗೆ ನನ್ನನ್ನು ನೋಡಿದ.

ನಾನು ಅಮ್ಮನನ್ನು ನೋಡಿದೆ.

"ರೊಟ್ಟಿ ಹಿಟ್ಟಿಗೆ ತೊಳೆದ ಅಕ್ಕಿ ಈ ಮಳೇಲಿ ಒಣಗುತ್ತಾ? ಇದ್ರಲ್ಲಿ ತಿರುಗಿಸಿದ್ರೆ ಐದು ನಿಮಿಷಕ್ಕೆ ನೀರೆಲ್ಲ ಹೋಗುತ್ತೆ."

"ಇದು ಬಟ್ಟೆಗೆ ಮಾಡಿದ್ದು ಅಮ್ಮಾ."

"ಬಟ್ಟೇಲೇ ಕಟ್ಟಿದ್ದೆ ಮಾರಾಯ. ಗಂಟು ಬಿಚ್ಕೊಳ್ತು."

ಹುಡುಗ ಚೀಟಿಯಲ್ಲಿ 'ದುರ್ಬಳಕೆ' ಎಂದು ಬರೆದ. ಅಂದರೆ ವಾರಂಟಿ ಇಲ್ಲ. ಬಿಲ್ಲು ನೋಡಿ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಪದ ಇನ್ನೂ ಜಾಸ್ತಿ ಉರಿಸಿತು.

ಹೊರಗೆ ಮಳೆ ಹೊಳವಾಗಿತ್ತು. ಅಡಿಕೆ ತೋಟದಲ್ಲಿ, ಕಾಯಿ ಉದುರಿಸುವ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿದ್ದರು. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಕೆಳಗೆ ಪೈಪು ಹಿಡಿದವನ ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ. ಅದೂ ದುರ್ಬಳಕೆಯೇ, ಬಿಡಿ. ಆದರೆ ಆ ಔಷಧಿಯ ಜಾತಕ ಇನ್ನೂ ಚೆನ್ನಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ಬೆಳೆಗಾರರಿಗೆ ದಾರಿಹೋಕರ ಕಾಟ. ಹೋಗುವವರು ಬರುವವರೆಲ್ಲ ಕಿತ್ತು ಬಾಯಿಗೆ ಹಾಕಿಕೊಳ್ಳುವವರೇ. ಅದಕ್ಕೆ ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ಮೈಲುತುತ್ತ, ಸುಣ್ಣ ಕಲಸಿ ಎರಚಿದರು. ನೀಲಿ ಬಣ್ಣ ಕಂಡರೆ ವಿಷ ಅಂತ ಹೆದರಲಿ ಎಂದು. 1882ರಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರು ಆ ದಾರಿಯಲ್ಲಿ ಹೋಗುವಾಗ ನೋಡಿದರೆ, ಉಳಿದ ಬಳ್ಳಿಗಳೆಲ್ಲ ಬೂಜು ರೋಗಕ್ಕೆ ಎಲೆ ಉದುರಿಸಿವೆ. ರಸ್ತೆ ಬದಿಯವು ಹಸಿರಾಗಿವೆ! ಪ್ರಯೋಗ ಮಾಡಿ 1885ರಲ್ಲಿ ಲೋಕಕ್ಕೆ ಸಾರಿದರು. ಕೀರ್ತಿ ಪ್ರೊಫೆಸರಿಗೆ ಹೋಯಿತು. ಎರಚಿದವರನ್ನು ಯಾರು ಕೇಳುತ್ತಾರೆ? ದ್ರಾಕ್ಷಿ ಕದ್ದವರದ್ದೂ ಇದರಲ್ಲಿ ಒಂದು ಪಾಲಿದೆ ಅಲ್ವಾ?

ನಮ್ಮಲ್ಲಿ ಆಗ ಮಳೆ ತಾಗದ ಹಾಗೆ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆ ರೋಗದ ಬೆನ್ನು ಹತ್ತಿ, ಇದನ್ನೇ ಹೊಡೆಯಿರಿ ಎಂದರು. ಪುಣ್ಯಕ್ಕೆ ಆಗ ನಮ್ಮ ಹುಡುಗ ಇರಲಿಲ್ಲ. ಇದ್ದಿದ್ದರೆ ಕೋಲ್ಮನ್ನರಿಗೆ "ಇದು ದ್ರಾಕ್ಷಿಗೆ ಮಾಡಿದ್ದು ಸಾರ್" ಎನ್ನುತ್ತಿದ್ದ. ಅದಕ್ಕೂ ಮೊದಲು ಮಿಲಾರ್ಡೆಗೆ, "ಇದು ಕಳ್ಳರಿಗೆ ಮಾಡಿದ್ದು ಸಾರ್."

ಇದನ್ನೆಲ್ಲ ಅವನಿಗೆ ಹೇಳಿ, ಹೊಸದನ್ನು ಹುಟ್ಟಿಸುವವರು ಕಂಪನಿಯವರೋ ಬಳಸುವವರೋ ಎಂದು ಒಂದು ಗಟ್ಟಿ ಮಾತು ಆಡಬೇಕೆಂದು ಒಳಗೆ ಬಂದೆ. ಅವನು ಅಡುಗೆಮನೆ ಬಾಗಿಲಲ್ಲಿ ಕೂತು ಎರಡನೇ ರೊಟ್ಟಿ ತಿನ್ನುತ್ತಿದ್ದ. ನನ್ನನ್ನು ನೋಡದೆ, ಅಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದ:

"ಗಂಟು ಕಟ್ಬೇಡಿ ಅಮ್ಮಾ. ಜಿಪ್ ಇರೋ ದಿಂಬಿನ ಕವರ್‌ನಲ್ಲಿ ಹಾಕಿ."