ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಜಾಕೆಟ್ಟು

ನಮ್ಮಕ್ಕನಿಗೆ ಖಡಕ್ ರೊಟ್ಟಿ ಮೆತ್ತಗೆ ಮಾಡುವ ವಿದ್ಯೆ ಗೊತ್ತು. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಇಟ್ಟರೆ ಸಾಕು, ಹತ್ತು ದಿನದ ರೊಟ್ಟಿಯೂ ಮಡಚಿಕೊಳ್ಳುತ್ತದೆ. ಬೆಳಗಾವಿಯ ಶಹಾಪುರದಲ್ಲಿ ಅವಳ ಮನೆ. ಹೋದ ತಿಂಗಳು ಹೋದಾಗ ಅಡುಗೆಮನೆ ಕಟ್ಟೆಯ ಮೇಲೆ ದೊಡ್ಡದೊಂದು ಒದ್ದೆ ಗಂಟು ಇತ್ತು. ಇಷ್ಟೊಂದು ರೊಟ್ಟಿ ಯಾರಿಗೆ ಅಂತ ಬಿಚ್ಚಿ ನೋಡಿದೆ. ಒಳಗೆ ಅವಳ ಮಗ, ಅಂದರೆ ನನ್ನ ಅಳಿಯನ ಜಾಕೆಟ್ಟು.

"ಮುಟ್ಟಬ್ಯಾಡೋ, ನೆನೀಲಿ. ಮಷಿನ್‌ನ್ಯಾಗ ಫೇಲ್ ಆಗೇತಿ" ಅಂದಳು.

ಪರೀಕ್ಷೆಯಲ್ಲಿ ಹುಡುಗರು ಫೇಲಾಗುವುದು ಗೊತ್ತಿತ್ತು. ಜಾಕೆಟ್ಟು ಫೇಲಾಗಿದ್ದು ನಮ್ಮ ಮನೆತನದಲ್ಲಿ ಇದೇ ಮೊದಲು.

ಅಳಿಯ ಏರ್ ರೈಫಲ್ ಹೊಡೆಯುತ್ತಾನೆ. 2024ರಲ್ಲಿ ಪಕ್ಕದ ಕೊಲ್ಹಾಪುರ ಜಿಲ್ಲೆಯ, ಆಗ ರೈಲ್ವೆಯಲ್ಲಿ ಟಿಸಿ ಆಗಿದ್ದ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದ ಮೇಲೆ ಈ ಹುಚ್ಚು ಹಿಡಿಯಿತು. ರೈಲ್ವೆ ಟಿಸಿಗೆ ಆಗೋದು ನನಗ್ಯಾಕ ಆಗಬಾರದು ಅಂತ ಅವನ ವಾದ. ಟಿಸಿ ಕೆಲಸಕ್ಕೂ ಅರ್ಜಿ ಹಾಕು ಅಂತ ಭಾವನ ವಾದ.

ಆಟ ಸರಳ. ಹತ್ತು ಮೀಟರ್ ದೂರದಲ್ಲಿ ಗುರಿ. ಅದರ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್, ಗಸಗಸೆ ಕಾಳೂ ಅದಕ್ಕಿಂತ ದಪ್ಪ. ಐದೂವರೆ ಕಿಲೋವರೆಗಿನ ಬಂದೂಕು ಹಿಡಿದು ನಿಂತುಕೊಂಡು 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಅಲುಗಾಡಬಾರದು. ಅದಕ್ಕೇ ಕ್ಯಾನ್ವಾಸ್ ಮತ್ತು ಚರ್ಮದ ಈ ಬಿಗಿ ಜಾಕೆಟ್ಟು. ಬಟ್ಟೆ ಬಿರುಸಾದಷ್ಟೂ ಬೆನ್ನಿಗೆ ಆಸರೆ. ಕೆಲವರ ಜಾಕೆಟ್ಟು ಬಿಚ್ಚಿ ನೆಲಕ್ಕಿಟ್ಟರೆ ತಾನೇ ನಿಂತುಕೊಳ್ಳುತ್ತಿತ್ತಂತೆ. ಒಳಗೆ ಮನುಷ್ಯ ಇರಲಿ ಇಲ್ಲದಿರಲಿ, ಅಂಕ ಅಷ್ಟೇ ಬರುತ್ತಿತ್ತೇನೋ!

ಇದನ್ನು ನೋಡಿ ಮ್ಯೂನಿಕ್‌ನಲ್ಲಿರುವ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದವರು ಅಳತೆಪಟ್ಟಿ ಹಿಡಿದು ಕೂತರು. ತಪ್ಪೇನಿಲ್ಲ ಬಿಡಿ, ಕೈ ಗೆಲ್ಲಬೇಕು, ಟೇಲರ್ ಗೆಲ್ಲಬಾರದು. ಆದರೆ ಕೂತವರು ಎದ್ದೇ ಇಲ್ಲ. ಬಟ್ಟೆ ಎರಡೂವರೆ ಮಿಲಿಮೀಟರ್‌ಗಿಂತ ದಪ್ಪ ಇರಬಾರದು. ಬಿರುಸು ಅಳೆಯುವ ಮಷಿನ್ ಒತ್ತಿದರೆ ಬಟ್ಟೆ ಕನಿಷ್ಠ 3 ಮಿಲಿಮೀಟರ್ ಒಳಗೆ ಹೋಗಬೇಕು. ಕೈಗವಸು 12 ಮಿಲಿಮೀಟರ್ ಒಳಗೆ. ಬೂಟಿನ ಅಟ್ಟೆ 10. ಗುರಿ ನೋಡದ ಕಣ್ಣಿಗೆ ಅಡ್ಡ ಇಡುವ ಪಟ್ಟಿ 30 ಮಿಲಿಮೀಟರ್ ಅಗಲ, ಅಷ್ಟೇ. ಬೆಲ್ಟಿಗೂ ಅಳತೆ, ಒಳಗೆ ಹಾಕುವ ಬಟ್ಟೆಗೂ ಅಳತೆ. ನಮ್ಮ ಹುಡುಗನ ಉಡದಾರ ಒಂದನ್ನು ಯಾರೂ ಕೇಳಿಲ್ಲ. ನಿಯಮದ ಪುಸ್ತಕದ ಮುಂದಿನ ಆವೃತ್ತಿಯಲ್ಲಿ ಬರಬಹುದು.

ಬೂಟಿನ ಕಥೆ ಇನ್ನೂ ಚೆನ್ನಾಗಿದೆ. ಅಟ್ಟೆ ಸೆಟೆದಿರಬಾರದು, ಬೆರಳಿನ ಕಡೆ 22.5 ಡಿಗ್ರಿ ಬಾಗಬೇಕು. ಅದು ಬಾಗುತ್ತದೆ ಅಂತ ತೋರಿಸಲು ಆಟಗಾರ ಅಂಗಳದಲ್ಲಿ ಮೊದಲು ಹಿಮ್ಮಡಿ, ಆಮೇಲೆ ಬೆರಳು ಊರಿ ಮನುಷ್ಯರ ಹಾಗೆ ನಡೆಯಬೇಕು. ಇದು ನನ್ನ ಕುಹಕ ಅಲ್ಲ, ಬರೆದಿಟ್ಟ ನಿಯಮ. ಬಾತುಕೋಳಿ ಹಾಗೆ ನಡೆದರೆ ಮೊದಲು ಎಚ್ಚರಿಕೆ, ಆಮೇಲೆ ಅಂಕ ಕಡಿತ, ಮತ್ತೂ ನಡೆದರೆ ಮನೆಗೆ. ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ನಡಿಗೆಗೆ ಅಂಕ ಹೋಗುತ್ತದೆ ಅಂದರೆ ಅಥಣಿಯ ಚಪ್ಪಲಿ ಮಾಡುವವರು ನಗುತ್ತಾರೆ. ಹೊಸ ಅಥಣಿ ಚಪ್ಪಲಿ ಹಾಕಿಕೊಂಡು ಮೊದಲ ವಾರ ಹಿಮ್ಮಡಿ-ಬೆರಳು ಸರಿಯಾಗಿ ಊರಿದವರು ಯಾರಿದ್ದಾರೆ ಹೇಳಿ? (ಅದನ್ನೂ ಕೊಲ್ಹಾಪುರಿ ಅಂತಲೇ ಮಾರುತ್ತಾರೆ. ಆ ಜಗಳ ಇನ್ನೊಂದು ದಿನ.)

ಬಟ್ಟೆ ಮುಗಿಯಿತು ಅಂದರೆ ಫೈನಲ್. 2013ರಿಂದ ಅರ್ಹತಾ ಸುತ್ತಿನ ಅಂಕ ಫೈನಲ್‌ಗೆ ಬರುವುದಿಲ್ಲ, ಎಲ್ಲರೂ ಸೊನ್ನೆಯಿಂದ ಶುರು. 2022ರಲ್ಲಿ ಫೈನಲ್ ಆಡುವ ರೀತಿಯೂ ಬದಲಾಗಿ, ಚಿನ್ನಕ್ಕೆ ಇಬ್ಬರೇ ಎದುರುಬದುರು, ಮೊದಲು 16 ಪಾಯಿಂಟ್ ಮುಟ್ಟಿದವರು ಗೆದ್ದರು ಅಂತಾಯಿತು. ಹುಡುಗರು ಅದನ್ನು ಕಲಿಯುವಷ್ಟರಲ್ಲಿ ಮತ್ತೆ ಕಡಿಮೆ ಅಂಕದವರು ಒಬ್ಬೊಬ್ಬರೇ ಹೊರಬೀಳುವ ಹಳೇ 24 ಗುಂಡಿನ ಲೆಕ್ಕಕ್ಕೇ ವಾಪಸ್. ನಮ್ಮ ಕಡೆ ರಸ್ತೆ ಹಾಕಿ, ಪೈಪಿಗೆ ಅಗೆದು, ಮತ್ತೆ ಹಾಕುತ್ತಾರಲ್ಲ, ಅದೇ ಇಲಾಖೆ ಇರಬೇಕು.

ಪಿಸ್ತೂಲಿನವರಿಗೆ ಈ ಜಾಕೆಟ್ಟಿನ ರಗಳೆಯೇ ಇಲ್ಲ. ಪ್ಯಾರಿಸ್‌ನಲ್ಲಿ ತುರ್ಕಿಯ ಯೂಸುಫ್ ದಿಕೆಚ್ ಟೀ ಶರ್ಟು ಹಾಕಿಕೊಂಡು, ಒಂದು ಕೈ ಜೇಬಿನಲ್ಲಿಟ್ಟು, ಹಾಲು ತರಲು ಬಂದವರ ಹಾಗೆ ನಿಂತು ಮಿಶ್ರ ತಂಡದಲ್ಲಿ ಬೆಳ್ಳಿ ಒಯ್ದರು. ಅಕ್ಕ ಅವತ್ತೇ ಹೇಳಿದ್ದಳು, "ನೀನೂ ಅದನ್ನ ಆಡೋ, ಖರ್ಚು ಕಡಿಮಿ."

ಅಳಿಯನ ಜಾಕೆಟ್ಟು ಸೀನಿಯರ್ ಒಬ್ಬನಿಂದ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು. ಒಂದು ಪಂದ್ಯದಲ್ಲಿ ಪಾಸಾಗಿತ್ತು. ಮುಂದಿನದ್ದರಲ್ಲಿ ಎಸಿ ಜೋರಾಗಿತ್ತು, ಬಟ್ಟೆ ಸೆಟೆಯಿತು, ಮಷಿನ್ 2.9 ತೋರಿಸಿತು. ಹತ್ತನೇ ಒಂದು ಮಿಲಿಮೀಟರ್! ಮೊದಲು ಖಡೇಬಜಾರಿನ ಟೇಲರ್ ಮಾಮಾನ ಹತ್ತಿರ ಒಯ್ದೆವು. ಅವರು ಎರಡು ಬೆರಳಲ್ಲಿ ಚಿವುಟಿ ನೋಡಿ, "ಸರ, ಇದು ಅಂಗಿ ಅಲ್ರಿ, ಎಮ್ಮಿ ತೊಗಲ. ಸೂಜಿ ಮುರದ್ರ ರೊಕ್ಕ ನೀವ ಕೊಡಬೇಕು" ಅಂದರು. ಆಮೇಲೆ ಭಾವ ಅದರ ಮೇಲೆ ಎರಡು ರಾತ್ರಿ ಮಲಗಿದರು. ಸೊಂಟ ಹಿಡಿಯಿತು, ಜಾಕೆಟ್ಟು ಬಗ್ಗಲಿಲ್ಲ. ಕೊನೆಗೆ ಅಕ್ಕನ ರೊಟ್ಟಿ ವಿದ್ಯೆ.

ಮುಂದಿನ ಪಂದ್ಯಕ್ಕೆ ನಾನೂ ಹೋಗಿದ್ದೆ. ಜಾಕೆಟ್ಟಿನಿಂದ ಸಣ್ಣಗೆ ಅಡುಗೆಮನೆ ವಾಸನೆ ಬರುತ್ತಿತ್ತು. ಮಷಿನ್ ಒತ್ತಿದರು. 3.2! ಅಕ್ಕ ನನ್ನ ಕೈ ಹಿಂಡಿದಳು. ಆಮೇಲೆ ದಪ್ಪ ಅಳೆದರು. ನೀರು ಕುಡಿದು ಬಟ್ಟೆ ಉಬ್ಬಿತ್ತು. 2.6.

"ರೊಟ್ಟೀನೂ ನೆನದ್ರ ಉಬ್ಬತೈತಲ್ರಿ" ಅಂತ ಅಕ್ಕ ಅಧಿಕಾರಿಗೆ ಹೇಳಿ ನೋಡಿದಳು. ಅವರ ಪುಸ್ತಕದಲ್ಲಿ ರೊಟ್ಟಿ ಇರಲಿಲ್ಲ.

ಹೊಸದು ಕೊಡಿಸಬೇಕಂತೆ. ಜಾಕೆಟ್ಟು, ಪ್ಯಾಂಟು, ಬೂಟು ಸೇರಿದರೆ ಸಂತೆಯಲ್ಲಿ ಒಂದು ಆಕಳು ಬರುತ್ತದೆ ಅಂತ ಭಾವ ಲೆಕ್ಕ ಹಾಕಿದರು. ನಿಯಮ ಬದಲಾದರೂ ಆಕಳು ಆಕಳೇ ಆಗಿರುತ್ತದೆ, ಹಾಲೂ ಕೊಡುತ್ತದೆ ಅನ್ನುವುದು ಅವರ ವಾದ. ಅಳಿಯ ಉತ್ತರ ಕೊಡಲಿಲ್ಲ. ಎದ್ದು ಚಹಾಪುಡಿ ತರಲು ಹೊರಟ. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಪಕ್ಕದ ಮನೆಯ ಕಾಕೂ ಕಟ್ಟೆಯಿಂದಲೇ ಕೂಗಿದರು, "ಯಾಕೋ ತಮ್ಮಾ, ಕಾಲಿಗೆ ಮುಳ್ಳು ಚುಚ್ಚೇತೇನು?"